ಗೋಡೆಯಾಚೆ ಕೇಳುವ ಮಗ್ಗ

ಅಪ್ಪ ಮಾವನ ಬೆರಳು ಮುರಿದದ್ದು ಮಗ್ಗದ ಬಡಿಗೆಯಿಂದಲೇ. ಮಾವ ಎಂದರೆ ಅವ್ವನ ತಮ್ಮ. ಗದ್ವಾಲದ ನಮ್ಮ ಮನೆಯಲ್ಲಿ ಅಪ್ಪನ ಜೊತೆ ಸೀರೆ ನೇಯುತ್ತಿದ್ದವನು. ಅಪ್ಪ ಒಂದು ಹೊಸ ಬುಟ್ಟಾ ಹೂವು ಕಟ್ಟಿದ್ದ. ಸೀರೆ ಮುಗಿಯುವತನಕ ಮಗ್ಗಕ್ಕೆ ಬಟ್ಟೆ ಮುಚ್ಚುತ್ತಿದ್ದ, ಮಗಳಾದ ನನಗೂ ತೋರಿಸಿರಲಿಲ್ಲ. ಅಷ್ಟಾದರೂ ನಮಗಿಂತ ಮೊದಲೇ, ಒಂದೇ ಗೋಡೆಯಾಚೆ ನೇಯುತ್ತಿದ್ದ ಪಕ್ಕದ ಮನೆಯವರ ಸೀರೆಯಲ್ಲಿ ಅದೇ ಹೂವು ಅಂಗಡಿ ಸೇರಿತು.

“ನಿನಗ ನನಗ ಬಿಟ್ರ ಯಾರಿಗಿ ಗೊತ್ತಿತ್ತಲೇ? ನನ್ನ ಮನಿಗೇ ಕನ್ನ ಹಾಕಿದಿ!”

“ನಿಮ್ಮ ಪಾದದಾಣಿ ಬಾವಾ, ನಾ ಯಾರಿಗೂ ಹೇಳಿಲ್ರಿ.”

ಅಪ್ಪ ಅವನ ಬಲಗೈಯನ್ನು ಹೊಸ್ತಿಲಿಗೆ ಒತ್ತಿಹಿಡಿದು ಬಡಿದ, ಮತ್ತೆ ಬಡಿದ. ಅಡ್ಡ ಬಂದ ಅವ್ವನ ಹಣೆ ಒಡೆಯಿತು. ರಕ್ತ ಹೊಸ್ತಿಲ ಅರಿಷಿಣದ ಮೇಲೆ ಹರಿಯಿತು. ಮಾವ ಕೈಗೆ ಟವೆಲ್ ಸುತ್ತಿಕೊಂಡು ಮಕ್ತಲ್ ಬಸ್ಸು ಹತ್ತಿದ. ಅಪ್ಪ ಸತ್ತರೆ ಸಾಕು ಎಂದು ನಾನು ಬಾಯಿಬಿಟ್ಟು ಶಪಿಸಿದೆ.

ಮುಂದೆ ನಾರಾಯಣಪೇಟೆಯ ಕಾಲೇಜಿನಲ್ಲಿ ಕಂಪ್ಯೂಟರ್ ಓದುವಾಗ ಮೇಡಂ ಗುಪ್ತಲಿಪಿಯ ಪಾಠ ಮಾಡಿದರು. ಅದೂ ಒಂದು ಬೀಗದ ಹಾಗೆ. ಬೀಗ ಬೀದಿಯಲ್ಲಿರುತ್ತದೆ, ಯಾರು ಬೇಕಾದರೂ ಹಾಕಬಹುದು. ತೆಗೆಯುವ ಕೀಲಿ ಮಾತ್ರ ಒಬ್ಬರಲ್ಲೇ. ಜಾಣ ಕಳ್ಳ ಬೀಗ ಮುಟ್ಟುವುದೇ ಇಲ್ಲ. ಕೀಲಿಯಿದ್ದವರು ತೆಗೆಯುವಾಗ ಅವರ ಯಂತ್ರಕ್ಕೆ ಎಲ್ಲಿ ತಡವಾಯಿತು, ಎಲ್ಲಿ ಬೇಗವಾಯಿತು ಎಂದು ಹೊರಗೆ ಕೂತು ಅಳೆಯುತ್ತಾನೆ. ಅಷ್ಟರಿಂದಲೇ ಕೀಲಿ ಹೊರಬೀಳುತ್ತದೆ. ಪ್ರತಿ ಹೆಜ್ಜೆಗೂ ಒಂದೇ ಹೊತ್ತು ಹಿಡಿಯುವಂತೆ ಮಾಡಿದರೆ ಅವನಿಗೆ ಏನೂ ಸಿಗದು.

ನನಗೆ ಅಪ್ಪನ ಮುಚ್ಚಿದ ಮಗ್ಗ ನೆನಪಾಯಿತು. ಅಂದೇ ಊರಿಗೆ ಹೋಗಿ, ಅಪ್ಪ ಇನ್ನೊಂದು ಮುಚ್ಚಿದ ಸೀರೆ ನೇಯುತ್ತಿದ್ದಾಗ ಮಗ್ಗದ ಕೋಣೆಯ ಹೊರಗೆ ಗೋಡೆಗೆ ಕಿವಿಯಿಟ್ಟು ಕೂತೆ. ಖಾಲಿ ಎಳೆಗೆ ಲಾಳಿ ಓಡುತ್ತಿತ್ತು, ಹೂವಿದ್ದಲ್ಲಿ ನಿಲ್ಲುತ್ತಿತ್ತು, ಹೂವು ಅಗಲವಾದಷ್ಟೂ ಹೆಚ್ಚು ನಿಲ್ಲುತ್ತಿತ್ತು. ಎಳೆಗೊಂದರಂತೆ, ತಡ ಆದಷ್ಟು ಉದ್ದ ಸುಣ್ಣದ ಗೆರೆಗಳನ್ನು ಒಂದರ ಕೆಳಗೊಂದು ಎಳೆಯುತ್ತಾ ಹೋದೆ. ನೆಲದ ಮೇಲೆ ಅಪ್ಪನ ಹೂವು ಎದ್ದಿತು.

“ಹೇಳಿದ್ದು ಮಾವ ಅಲ್ಲಪ್ಪ. ನಿನ್ನ ಮಗ್ಗ.”

ಅಪ್ಪ ನೆಲ ನೋಡಿದ. ಹಾರೆ ತಂದು ಪಕ್ಕದ ಮನೆಯ ಗೋಡೆಗೆ ಹುಚ್ಚನಂತೆ ಹೊಡೆದ. ಅಂಗೈ ಸುಲಿದು ಹಾರೆ ಜಾರುವತನಕ ಹೊಡೆದ.

ಮರುದಿನ ಮಕ್ತಲ್‌ಗೆ ಹೋದೆವು. ಮಾವ ಯಾರದೋ ಮನೆಯ ಮಗ್ಗದಲ್ಲಿ ಕೂತಿದ್ದ. ಅಪ್ಪ ತನ್ನ ಬಲಗೈಯನ್ನು ಅಲ್ಲಿನ ಹೊಸ್ತಿಲ ಮೇಲಿಟ್ಟು, “ಹೊಡಿಯಪಾ,” ಅಂದ.

“ಕುಂದರ್ರಿ ಬಾವಾ. ಈ ಹೂವ ಮುಗಸ್ತೀನಿ.”

ಅವನ ಡೊಂಕು ಬೆರಳುಗಳನ್ನು ನೋಡಲಾಗದೆ ನಾನು ಹೊರಗೆ ಬಂದು, ಕಣ್ಣು ಮುಚ್ಚಿ ಕೇಳಿದೆ. ಆ ಬೆರಳುಗಳಿಗೆ ಹೂವಿನ ಎಳೆಗೂ ಖಾಲಿ ಎಳೆಗೂ ಒಂದೇ ತಡ. ಆ ಮಗ್ಗದಿಂದ ಇನ್ನು ಯಾರೂ ಏನನ್ನೂ ಕದಿಯಲಾರರು.