ಬಾವಿಯಲ್ಲಿ ಈಜಿದ ಐವತ್ತು ಮೀಟರು

ಹಗರಿಬೊಮ್ಮನಹಳ್ಳಿಗೂ ನೌಕಾಪಡೆಗೂ ಏನು ಸಂಬಂಧ ಎಂದು ಕೇಳದವರೇ ಇಲ್ಲ. ಸಮುದ್ರ ನೋಡಬೇಕೆಂದರೆ ಇಲ್ಲಿಯವರು ರಾತ್ರಿಯಿಡೀ ಬಸ್ಸಿನಲ್ಲಿ ಕೂರಬೇಕು. ಆದರೂ ವಿಶ್ವವಿದ್ಯಾಲಯದವರು ತುಂಗಭದ್ರೆಯ ಹಿನ್ನೀರಿನ ದಂಡೆಗೆ ಒಂದು ತಗಡಿನ ಶೆಡ್ಡು ಹಾಕಿಸಿ, ಹುಟ್ಟು ಹಾಕುವ ಎರಡು ದೋಣಿ ತರಿಸಿ, ಕಂಬ ನೆಟ್ಟು ಬಾವುಟ ಏರಿಸಿ, ನೌಕಾ ತರಬೇತಿ ಘಟಕ ಎಂದು ಬೋರ್ಡು ಬರೆಸಿದ್ದಾರೆ. ಅಲ್ಲಿ ಏಳು ವರ್ಷದಿಂದ ಗುತ್ತಿಗೆಯ ಮೇಲೆ ಹುಡುಗ ಹುಡುಗಿಯರಿಗೆ ದೋಣಿ, ಹಗ್ಗ, ಈಜು ಕಲಿಸುತ್ತಿರುವವನು ಇಟ್ಟಿಗಿ ಊರಿನ ಪಾಲಾಕ್ಷ. ಹದಿನೈದು ವರ್ಷ ಯುದ್ಧನೌಕೆಯಲ್ಲಿ ದುಡಿದು ಬಂದವನು. ಊರಿನವರು ಮಿಲಿಟ್ರಿ ಪಾಲಾಕ್ಷ ಎನ್ನುತ್ತಾರೆ. ಮಿಲಿಟ್ರಿಯಲ್ಲ, ನೇವಿ ಎಂದು ತಿದ್ದಿ ತಿದ್ದಿ ಸಾಕಾಗಿ ಈಗ ಸುಮ್ಮನಾಗಿದ್ದಾನೆ.

ಮೊದಲೆಲ್ಲ ಪಾಲಾಕ್ಷ ಜೂನ್ ಬಂತೆಂದರೆ ತರಗತಿಯಿಂದ ತರಗತಿಗೆ ಅಲೆದು, ಬರ್ರಪ್ಪಾ, ಸೇರ್‍ರಪ್ಪಾ ಎಂದು ಗೋಗರೆಯಬೇಕಿತ್ತು. ಇಪ್ಪತ್ತೈದು ಜನ ಸಿಕ್ಕರೆ ಹಬ್ಬ. ಆದರೆ ಕಳೆದ ಮೇ ತಿಂಗಳಲ್ಲಿ ನಾಲ್ಕು ದಿನ ಯುದ್ಧ ನಡೆದು ನಿಂತಿತಲ್ಲ, ಆಮೇಲೆ ಗಾಳಿಯೇ ತಿರುಗಿತು. ಟಿವಿಯಲ್ಲಿ ಹಡಗು, ವಿಮಾನ ನೋಡಿದ ಹುಡುಗರು ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಯಿಂದೆಲ್ಲ ಅರ್ಜಿ ಹಿಡಿದು ಬಂದರು. ಘಟಕದ ಮುಖ್ಯಸ್ಥರು ನೌಕಾಪಡೆಯಿಂದಲೇ ಬಂದ ಕಮಾಂಡರ್, ಉತ್ತರ ಭಾರತದ ಕಡೆಯವರು. ಅವರಿಗೆ ಖುಷಿಯೋ ಖುಷಿ. ಅರವತ್ತು ಜನರನ್ನು ತೆಗೆದುಕೊಂಡು, ತಿಂಗಳ ಕೊನೆಯೊಳಗೆ ಈಜಿನ ಪರೀಕ್ಷೆಯ ಪಟ್ಟಿ ಮೇಲಿನ ಕಚೇರಿಗೆ ಹೋಗಲೇಬೇಕು ಎಂದು ಹೇಳಿಬಿಟ್ಟರು. ನಿಯಮ ಇಷ್ಟೇ: ತೆರೆದ ನೀರಿನಲ್ಲಿ ಐವತ್ತು ಮೀಟರು ಈಜಿದವರಿಗೆ ಮಾತ್ರ ದೋಣಿ, ಅದಕ್ಕೆ ತರಬೇತುದಾರನ ಸಹಿ.

ತೆರೆದ ನೀರೆಲ್ಲಿತ್ತು? ಜೂನ್‌ನಲ್ಲಿ ಹಿನ್ನೀರು ಮೈಲಿಗಟ್ಟಲೆ ಹಿಂದೆ ಸರಿದಿತ್ತು. ಶೆಡ್ಡಿನ ಮುಂದೆ ತೊಡೆಮಟ್ಟ ಕೆಸರು. ಘಟಕದ ಎರಡನೆಯ ಅಧಿಕಾರಿ ಗಂಗಾಂಬಿಕಾ ಮೇಡಂ, ಕಾಲೇಜಿನಲ್ಲಿ ಇತಿಹಾಸ ಹೇಳುವವರು, ವಾರಕ್ಕೆರಡು ದಿನ ಬಿಳಿ ಸಮವಸ್ತ್ರ ಹಾಕುವವರು, ಈಗೇನು ಮಾಡೋಣ ಎಂದು ಕೇಳಿದರು. ಪಾಲಾಕ್ಷ ಎದೆಯುಬ್ಬಿಸಿ, ನಮ್ಮ ಹೊಲದ ಬಾವಿ ಐತಲ್ರಿ ಎಂದ. ಅವನು ಹುಟ್ಟಿ ಬೆಳೆದು ಈಜು ಕಲಿತ ಬಾವಿ ಅದು. ದುಂಡಗೆ ಏಳು ಮಾರು ಅಗಲ, ಮೆಟ್ಟಿಲಿದೆ, ಬೇಸಿಗೆಯಲ್ಲೂ ನೀರು ಬತ್ತುವುದಿಲ್ಲ. ಹಗ್ಗ ಹಿಡಿದು ಅಳೆದ. ಗೋಡೆಯ ಪಕ್ಕದಲ್ಲಿ ಒಂದೂವರೆ ಸುತ್ತು ಹಾಕಿದರೆ ಐವತ್ತು ಮೀಟರು ತುಂಬುತ್ತದೆ. ಕಮಾಂಡರ್ ರಜೆಯ ಮೇಲೆ ಊರಿಗೆ ಹೋಗಿದ್ದಾಗ ಕಾಲೇಜಿನ ಬಸ್ಸಿನಲ್ಲಿ ಅರವತ್ತೂ ಜನ ಬಂದರು, ಮೂರು ದಿನ ಈಜಿದರು. ಈ ಸೀಮೆಯ ಮಕ್ಕಳೆಲ್ಲ ಬಾವಿಯಲ್ಲೇ ಕಲಿತವರು, ಹಾಗಾಗಿ ಒಬ್ಬರೂ ಫೇಲಾಗಲಿಲ್ಲ. ರಿಜಿಸ್ಟರಿನಲ್ಲಿ ಸ್ಥಳ ಎಂಬ ಕಾಲಂ ಇತ್ತು. ಪಾಲಾಕ್ಷ ಒಂದು ಗಳಿಗೆ ಪೆನ್ನು ಹಿಡಿದು ಕೂತು, ಹಿನ್ನೀರು ಎಂದು ಬರೆದ. ನೀರು ನೀರೇ ತಾನೇ ಎಂದುಕೊಂಡ. ಅರವತ್ತು ಸಲ ಬರೆದ, ಅರವತ್ತು ಸಹಿ ಹಾಕಿದ. ಮೇಡಂ ಅವನನ್ನು ನಂಬಿ, ಕಾಲಂ ಓದದೆಯೇ ಕೆಳಗೆ ತಮ್ಮ ಸಹಿಯನ್ನೂ ಹಾಕಿದರು.

ಆಗಸ್ಟಿನಲ್ಲಿ ನೀರು ಏರಿತು. ಮಕ್ಕಳು ನೀರಲ್ಲಿ ತೇಲಿಸುವ ಜಾಕೆಟ್ ಹಾಕಿಕೊಂಡು ಹುಟ್ಟು ಹಾಕುವುದು ಕಲಿತರು. ನವೆಂಬರಿನ ವಾರ್ಷಿಕ ತಪಾಸಣೆಗೆ ಮೇಲಿನಿಂದ ದೊಡ್ಡ ಅಧಿಕಾರಿಗಳು ಬರುವರೆಂದು ಪತ್ರ ಬಂತು. ಕೊನೆಯ ಪ್ರದರ್ಶನವನ್ನು ಕಮಾಂಡರ್ ತಾವೇ ಗೊತ್ತುಮಾಡಿದರು. ಆರು ಜನ ಜಾಕೆಟ್ ಕಳಚಿ ದೋಣಿಯಿಂದ ಧುಮುಕಿ ದಂಡೆಗೆ ಈಜಿ ಬರಬೇಕು. ಮೊದಲನೆಯವಳು ಕೂಡ್ಲಿಗಿಯ ದುರ್ಗಾದೇವಿ. ಬಾವಿಯಲ್ಲಿ ಎಲ್ಲರಿಗಿಂತ ಚುರುಕಾಗಿ ಈಜಿದವಳು, ನೌಕಾಪಡೆಗೇ ಸೇರುತ್ತೇನೆ ಎಂದು ಹಟ ಹಿಡಿದವಳು.

ತಪಾಸಣೆಗೆ ಎರಡು ದಿನವಿತ್ತು. ಮಕ್ಕಳು ದಂಡೆಯ ಹತ್ತಿರ ಜಾಕೆಟ್ ಹಾಕಿಕೊಂಡೇ ನೀರಾಟ ಆಡುತ್ತಿದ್ದರು. ದೋಣಿ ಕಾಯುವ ಮೈಲಾರಲಿಂಗಪ್ಪ, ಹೊಳೆಯ ಮೇಲೇ ಹುಟ್ಟಿದಂಥ ಮನುಷ್ಯ, ಬೀಡಿ ಹಚ್ಚುತ್ತಿದ್ದವನು ಕೈ ತಡೆದು ನೋಡಿದ.

"ಪಾಲಾಕ್ಷಪ್ಪ, ಆ ಕೂಡ್ಲಿಗಿ ಹುಡುಗಿ ನೋಡು. ದಂಡಿ ಕಡಿ ಹೊಂಟಾಳ, ಎಡಕ್ಕ ಎಡಕ್ಕ ಹೋಗತಾಳ. ಗಾಣದ ಎತ್ತು ತಿರಗಿದಂಗ ತಿರಗತಾಳ."

ಪಾಲಾಕ್ಷ ನೋಡಿದ. ಇದು ಅವನಿಗೆ ಗೊತ್ತಿರದ ಸಂಗತಿಯಲ್ಲ, ಅದೇ ಅವನ ಸಂಕಟ. ಹತ್ತೊಂಬತ್ತನೇ ವಯಸ್ಸಿನಲ್ಲಿ ತರಬೇತಿಗೆ ಹೋದಾಗ ಅವನೂ ಹೀಗೇ ಒಂದು ದೊಡ್ಡ ಕೆರೆಗೆ ಧುಮುಕಿದ್ದ. ಬಾವಿಯಲ್ಲಿ ಕಲಿತವನಿಗೆ ಗೋಡೆ ಸದಾ ಬಲಕ್ಕೆ, ತಿರುವು ಸದಾ ಎಡಕ್ಕೆ, ಹತ್ತು ಕೈ ಬೀಸಿದರೆ ಹಿಡಿದು ನಿಲ್ಲಲು ಒಂದು ಕಲ್ಲು. ಮುಖ ನೀರೊಳಗಿಟ್ಟು ಈಜಿದರೆ ಮೈ ತಾನೇ ತಾನಾಗಿ ಬಾವಿಯ ಸುತ್ತು ಹಾಕುತ್ತದೆ. ಅವನೂ ಸುತ್ತು ಹಾಕಿ, ಕಲ್ಲಿಗೆ ಕೈ ಚಾಚಿ, ಕಲ್ಲು ಸಿಗದೆ ಗಾಬರಿಯಾಗಿ ನೀರು ಕುಡಿದಿದ್ದ. ಯಾರೋ ಕೂದಲು ಹಿಡಿದು ಎಳೆದಿದ್ದರಿಂದ ಬದುಕಿದ. ಮೂವತ್ತು ವರ್ಷದ ಹಿಂದಿನದು, ಮರೆತೇ ಹೋಗಿತ್ತು. ಜೂನ್‌ನಲ್ಲಿ ಅದೇ ಬಾವಿಯ ದಡದಲ್ಲಿ ನಿಂತು ಸೀಟಿ ಊದುವಾಗಲೂ ನೆನಪಾಗಲಿಲ್ಲವಲ್ಲ ಎಂದು ತನ್ನನ್ನೇ ಶಪಿಸಿಕೊಂಡ.

ಆ ಎರಡು ದಿನ ಅವನು ಊಟಕ್ಕೆ ಕೂತವನು ತಟ್ಟೆ ತಳ್ಳಿ ಏಳುತ್ತಿದ್ದ. ಹೆಂಡತಿ ಪಂಪಮ್ಮ ಜ್ವರವೇ ಎಂದು ಹಣೆ ಮುಟ್ಟಿ ನೋಡಿದಳು. ಅವನು ಕಮಾಂಡರ್ ಹತ್ತಿರ ಹೋಗಿ, ಜಾಕೆಟ್ ಹಾಕಿಸಿಯೇ ಈಜಿಸೋಣ ಸರ್ ಎಂದ. ಅವರು ರಿಜಿಸ್ಟರ್ ತೆಗೆದು ಅವನ ಸಹಿಯನ್ನೇ ಬೆರಳಿಟ್ಟು ತೋರಿಸಿ, ನೀವೇ ಪಾಸು ಮಾಡಿದ್ದೀರಲ್ಲ, ಈಗ ಯಾತರ ಅನುಮಾನ ಎಂದು ನಕ್ಕರು. ಅಲ್ಲೇ ಹೇಳಿಬಿಡಬೇಕಿತ್ತು. ಹೇಳಿದರೆ ಸುಳ್ಳು ಬರೆದವನಾಗುತ್ತಾನೆ, ಮೇಡಂ ಹೆಸರು ಕೆಡುತ್ತದೆ, ಅರವತ್ತು ಮಕ್ಕಳ ವರ್ಷ ಹಾಳು. ಸೆಲ್ಯೂಟ್ ಹೊಡೆದು ಹೊರಗೆ ಬಂದ. ದುರ್ಗಾದೇವಿಯನ್ನು ಕರೆದು, ನಡುನಡುವೆ ತಲೆ ಎತ್ತಿ ದಂಡೆ ನೋಡಿಕೋ ಎಂದ. ಹ್ಞೂಂ ಸರ್ ಎಂದು ನಗುತ್ತಾ ಓಡಿದಳು. ಅವಳಿಗೆ ಅದು ಮಾತಾಗಿಯೇ ಕೇಳಿಸಿರಲಿಲ್ಲ.

ತಪಾಸಣೆಯ ದಿನ ದಂಡೆಯ ಮೇಲೆ ಶಾಮಿಯಾನ, ಕುರ್ಚಿ, ಹೂಗುಚ್ಛ. ಹಿಂದಿನ ಸಾಲಿನಲ್ಲಿ ದುರ್ಗಾದೇವಿಯ ತಾಯಿ ಎರ್‍ರೆಮ್ಮ. ಅಂಗನವಾಡಿಗೆ ರಜೆ ಹಾಕಿ, ಮಗಳು ಈಜುವುದನ್ನು ನೋಡಲು ಬೆಳಗಿನ ಬಸ್ಸಿಗೆ ಬಂದಿದ್ದಳು. ಕವಾಯತು ಮುಗಿಯಿತು, ಹುಟ್ಟು ಹಾಕುವ ಸ್ಪರ್ಧೆ ಮುಗಿಯಿತು. ಪಾಲಾಕ್ಷ ಆರು ಜನರೊಂದಿಗೆ ದೋಣಿಯಲ್ಲಿ ಐವತ್ತು ಮೀಟರು ಒಳಗೆ ಬಂದು ನಿಂತ. ಅವರ ಎಡಕ್ಕೆ ಹಳೆಯ ಹೊಳೆಯ ಪಾತ್ರ. ಅಲ್ಲಿ ಎಷ್ಟು ಆಳವಿದೆಯೆಂದು ಮೈಲಾರಲಿಂಗಪ್ಪನೂ ಹೇಳಲಾರ. ದುರ್ಗಾದೇವಿ ಜಾಕೆಟ್ ಕಳಚಿ ದೋಣಿಯ ಅಂಚಿಗೆ ಬಂದು, ಕೈ ಮುಂದೆ ಚಾಚಿ ಬಾಗಿದಳು. ಇನ್ನು ಸೀಟಿ ಊದಬೇಕಾದವನು ಪಾಲಾಕ್ಷನೇ.

ಸೀಟಿ ಬಾಯಲ್ಲಿತ್ತು. ದಂಡೆಯಿಂದ ಕಮಾಂಡರ್ ಒಮ್ಮೆ ಕೈ ಬೀಸಿದರು, ಮತ್ತೊಮ್ಮೆ ಬೀಸಿದರು. ಹುಡುಗಿ ಬಾಗಿದಲ್ಲಿಂದಲೇ ತಿರುಗಿ ಅವನ ಮುಖ ನೋಡಿದಳು. ಊದಿದರೆ ಯಾರಿಗೂ ಏನೂ ಗೊತ್ತಾಗದೆ ಎಲ್ಲ ಸರಾಗವಾಗಿ ಮುಗಿಯಲೂಬಹುದು ಎಂದು ಮನಸ್ಸು ಆಸೆ ತೋರಿಸುತ್ತಲೇ ಇತ್ತು. ಪಾಲಾಕ್ಷ ಸೀಟಿಯನ್ನು ಬಾಯಿಂದ ತೆಗೆದು ಜೇಬಿಗೆ ಹಾಕಿಕೊಂಡ.

"ಜಾಕೆಟ್ ಹಾಕ್ಕೊಳ್ರಿ ಎಲ್ಲಾರೂ. ದೋಣಿ ದಂಡಿಗೆ ತಿರಗಿಸ್ರಿ."

ದಂಡೆಗೆ ಇಳಿದು, ಅಧಿಕಾರಿಗಳ ಮುಂದೆ ನಿಂತು ಸೆಲ್ಯೂಟ್ ಹೊಡೆದು, ಇವರ ಈಜಿನ ಪರೀಕ್ಷೆ ನಡೆದದ್ದು ಬಾವಿಯಲ್ಲಿ, ರಿಜಿಸ್ಟರಿನಲ್ಲಿ ಇರುವುದು ಸುಳ್ಳು, ಬರೆದವನು ನಾನೊಬ್ಬನೇ, ಹಾಗೆ ಬರೆದದ್ದು ಮೇಡಂಗೆ ಗೊತ್ತಿಲ್ಲ ಎಂದು ಹಿಂದಿಯಲ್ಲಿ ಒಂದೇ ಉಸಿರಿಗೆ ಹೇಳಿದ. ಕಮಾಂಡರ್ ಎಲ್ಲರೆದುರೇ ಬೈದರು. ಬಂದ ಅಧಿಕಾರಿಗಳು ರಿಜಿಸ್ಟರ್ ಮುಚ್ಚಿ ಕಂಕುಳಲ್ಲಿಟ್ಟುಕೊಂಡು ಚಹಾ ಕೂಡ ಕುಡಿಯದೆ ಹೊರಟರು. ಗಂಗಾಂಬಿಕಾ ಮೇಡಂ ಬೈಯಲಿಲ್ಲ. ಕುರ್ಚಿಗಳೆಲ್ಲ ಖಾಲಿಯಾದ ಮೇಲೆ ಹತ್ತಿರ ಬಂದು ಒಂದೇ ಮಾತು ಕೇಳಿದರು.

"ಪಾಲಾಕ್ಷಪ್ಪ, ನನಗರ ಮೊದಲ ಹೇಳಬಾರದಿತ್ತೇನ್ರಿ?"

ಕಮಾಂಡರ್ ಬೈದದ್ದಕ್ಕಿಂತ ಈ ಮಾತೇ ಅವನಿಗೆ ಹೆಚ್ಚು ನೋವು ಕೊಟ್ಟಿತು.

ಅರವತ್ತೂ ಪರೀಕ್ಷೆ ರದ್ದಾದವು. ಮೇಡಂಗೆ ಕಾರಣ ಕೇಳಿ ನೋಟಿಸು ಬಂತು. ಪಾಲಾಕ್ಷನ ಗುತ್ತಿಗೆ ಮಾರ್ಚಿಗೆ ಮುಗಿಯುತ್ತದೆ, ಮುಂದುವರಿಸುವುದಿಲ್ಲ ಎಂದು ಕಾಗದ ಬಂತು. ಅಲ್ಲಿಯವರೆಗೆ ಎಲ್ಲರ ಪರೀಕ್ಷೆಯನ್ನೂ ಹಿನ್ನೀರಿನಲ್ಲೇ ಮತ್ತೆ ಮಾಡಿ ಮುಗಿಸಬೇಕಂತೆ. ದುರ್ಗಾದೇವಿ ಹತ್ತು ದಿನ ಅವನ ಮುಖ ನೋಡಲಿಲ್ಲ. ಹನ್ನೊಂದನೇ ದಿನ ಶೆಡ್ಡಿಗೆ ಬಂದು ಎದುರು ನಿಂತಳು. ಕಣ್ಣು ತುಂಬಿದ್ದವು.

"ನಮ್ಮವ್ವನ ಮುಂದ ನನಗ ಈಜಾಕ ಬರಂಗಿಲ್ಲ ಅಂತ ಹೇಳಿದ್ರಿ. ನಾ ಈಜಿ ತೋರಸ್ತೀನಿ, ಹಚ್ರಿ ಪರೀಕ್ಷೆ."

ಪಾಲಾಕ್ಷ ಅವಳನ್ನು ದೋಣಿ ಹತ್ತಿಸಿದ. ಅವಳ ನಡುವಿಗೆ ಹಗ್ಗ ಬಿಗಿದ. ಮೈಲಾರಲಿಂಗಪ್ಪ ದೋಣಿ ನಡೆಸಿದ, ಪಾಲಾಕ್ಷ ಹಗ್ಗದ ಇನ್ನೊಂದು ತುದಿ ಹಿಡಿದು ಕೂತ. ದಂಡೆಯ ಜಾಲಿ ಗಿಡಕ್ಕೆ ಕೆಂಪು ಟವೆಲ್ ಕಟ್ಟಿದ್ದರು, ಅದೇ ಗುರಿ. ಹುಡುಗಿ ಧುಮುಕಿದಳು. ಎಂಥ ಚೆಂದದ ಈಜು! ಹತ್ತು ಕೈ ನೆಟ್ಟಗೆ ಹೋದಳು. ಆಮೇಲೆ ಬಲಗೈ ಇಲ್ಲದ ಕಲ್ಲಿಗಾಗಿ ಒಂದಿಷ್ಟು ಹೊರಗೆ ಚಾಚಿತು, ಹೆಗಲು ಎಡಕ್ಕೆ ವಾಲಿತು. ಇಪ್ಪತ್ತು, ಮೂವತ್ತು. ಪಾಲಾಕ್ಷ ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡ. ಅವಳು ಎಡಕ್ಕೆ ಅರ್ಧ ಸುತ್ತು ತಿರುಗಿ ಹಳೆಯ ಹೊಳೆಯ ಕಡೆಗೆ ಮುಖ ಮಾಡಿ, ಇನ್ನೇನು ದಂಡೆ ಬಂತು ಎನ್ನುವ ಹುರುಪಿನಲ್ಲಿ ಜೋರಾಗಿ ಕೈ ಬೀಸಿ, ಕಾಲೂರಲು ನಿಂತು, ತಲೆ ಎತ್ತಿದಳು.

ಕಾಲಿಗೆ ನೆಲ ಸಿಗಲಿಲ್ಲ. ಮುಂದೆ ಕಣ್ಣು ಹಾಯುವಷ್ಟೂ ನೀರು. ಕೆಂಪು ಟವೆಲ್ ಎಲ್ಲೋ ಹಿಂದೆ, ಅಂಗೈಯಗಲ ಕಾಣುತ್ತಿತ್ತು. ಅವಳು ಒಮ್ಮೆ ಮುಳುಗಿದಳು. ಪಾಲಾಕ್ಷ ಹಗ್ಗ ಎಳೆದ.

ದೋಣಿಯೊಳಗೆ ಬಂದ ಮೇಲೆ ಬಹಳ ಹೊತ್ತು ಕೆಮ್ಮಿದಳು. ಪಾಲಾಕ್ಷ ತನ್ನ ಟವೆಲ್ ಹೊದಿಸಿದ.

"ಸರ್, ನಾ ನೆಟ್ಟಗ ಬರಾಕತ್ತೀನಿ ಅಂತನ ತಿಳ್ಕೊಂಡಿದ್ದೆ."

"ನಾನೂ ಹಂಗ ತಿಳ್ಕೊಂಡಿದ್ದೆವ್ವಾ," ಎಂದ ಪಾಲಾಕ್ಷ, "ಸಹಿ ಮಾಡೂ ಮುಂದ."

ದಂಡೆಗೆ ಬಂದು, ಹೊಸ ರಿಜಿಸ್ಟರ್ ತೆರೆದು ಸ್ಥಳದ ಕಾಲಂನಲ್ಲಿ ಹಿನ್ನೀರು ಎಂದು ಬರೆದ. ಮುಂದಿನ ಕಾಲಂನಲ್ಲಿ ಪಾಸಾಗಿಲ್ಲ ಎಂದು ಬರೆದು ಸಹಿ ಹಾಕಿದ. ದುರ್ಗಾದೇವಿ ಪಕ್ಕದಲ್ಲಿ ನಿಂತು ಓದಿದಳು. ಒದ್ದೆ ಹಗ್ಗವನ್ನು ತಾನೇ ಸುತ್ತಿ ಗೂಟಕ್ಕೆ ಹಾಕಿ, ನಾಳೆ ಎಷ್ಟು ಗಂಟೆಗೆ ಬರಲಿ ಎಂದು ಕೇಳಿದಳು.