ಅಲಗಿನ ಬುಡದ ತುಕ್ಕು

ಹೋದ ವರ್ಷದ ಆಯುಧಪೂಜೆಯ ಬೆಳಿಗ್ಗೆ, ಹತ್ತೂವರೆ ಆಗುವುದಕ್ಕೆ ಸ್ವಲ್ಪ ಮುಂಚೆ, ನಾನು ಚಾಮರಾಜಪೇಟೆಯ ಒಂದು ಮನೆಯ ಗೇಟಿನ ಒಳಗೆ, ಎಡಗಡೆಯ ಕಂಬಕ್ಕೆ ಭುಜ ತಾಗಿಸಿಕೊಂಡು ನಿಂತಿದ್ದೆ. ಬಿಸಿಲು ಬೆನ್ನ ಹಿಂದಿನಿಂದ ಬರುತ್ತಿತ್ತು, ಕಣ್ಣಿಗೆ ಏನೂ ಅಡ್ಡಿಯಿರಲಿಲ್ಲ. ಗೇಟಿನ ಹೊರಗೆ, ರಸ್ತೆಗೆ ಮುಖ ಮಾಡಿ, ಮನೆಯ ಯಜಮಾನರು ನಿಂತಿದ್ದರು. ಅವರ ಬಲಕ್ಕೆ ಹಾರ ಹಾಕಿದ ಕಾರು, ಕಾಲ ಮುಂದೆ ಬೂದುಗುಂಬಳಕಾಯಿ. ಅವರು ಎರಡೂ ಕೈಯಲ್ಲಿ ಜಪಾನಿ ಕತ್ತಿ ಹಿಡಿದು ತಲೆಯ ಮೇಲಕ್ಕೆ ಎತ್ತಿದರು. ಬೀಸಿ ಇಳಿಸುವಾಗ ಹಿಡಿ ಮಾತ್ರ ಅವರ ಕೈಯಲ್ಲಿ ಉಳಿಯಿತು. ಅಲಗು ಕಳಚಿಕೊಂಡು ರಸ್ತೆಯ ಕಡೆ ಹಾರಿತು.

ಹಬ್ಬಕ್ಕೆ ಮುಂಚಿನ ಭಾನುವಾರ ಅದೇ ಕತ್ತಿಯನ್ನು ಬಿಚ್ಚಿ ಪರೀಕ್ಷಿಸಿದವರು ನನ್ನ ಸ್ನೇಹಿತರೊಬ್ಬರು. ಮತ್ತೆ ಜೋಡಿಸುವಾಗ ಅವರು ಅಲಗನ್ನು ಹಿಡಿಗೆ ಬಿಗಿಯುವ ಬೆಣೆ ಹಾಕುವುದನ್ನು ಮರೆತರು ಎಂದು ಈಗ ಎಲ್ಲರೂ ಹೇಳುತ್ತಾರೆ. ಆ ಮಾತೇ ಉಳಿದುಬಿಟ್ಟರೆ ಅವರ ಕೈಗೆ ಇನ್ನು ಯಾರೂ ಕತ್ತಿ ಕೊಡುವುದಿಲ್ಲ. ಅದಕ್ಕಾಗಿ ನಾನು ಕಂಡದ್ದನ್ನು ಬರೆಯುತ್ತಿದ್ದೇನೆ. ಕಾಣದ್ದನ್ನು ಕಾಣಲಿಲ್ಲ ಎಂದೇ ಬರೆಯುತ್ತೇನೆ.

ನನ್ನ ಸ್ನೇಹಿತರ ಮನೆ ಮಲ್ಲೇಶ್ವರದಲ್ಲಿ, ಸಂಪಿಗೆ ರಸ್ತೆಯ ಹಿಂದಿನ ಒಂದು ಅಡ್ಡರಸ್ತೆಯಲ್ಲಿ. ಕಾರ್ಖಾನೆಯೊಂದರ ಲೋಹ ಪರೀಕ್ಷೆಯ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಹರೆಯದಲ್ಲಿ ತರಬೇತಿಗೆಂದು ಜಪಾನಿಗೆ ಹೋಗಿದ್ದಾಗ, ರಜೆಯ ದಿನಗಳಲ್ಲೆಲ್ಲ ಒಬ್ಬ ಮುದುಕರ ಎದುರು ಕೂತು ಹಳೆಯ ಕತ್ತಿಗಳನ್ನು ನೋಡುವುದನ್ನು ಕಲಿತರು. ಬರ್ಮಾ ಯುದ್ಧದಿಂದ ವಾಪಸಾದವರು ತಂದ ಜಪಾನಿ ಕತ್ತಿಗಳು ನಮ್ಮ ಹಳೆಯ ಬಡಾವಣೆಗಳಲ್ಲಿ ಇನ್ನೂ ಇವೆ. ಬೀರುವಿನ ಮೇಲೆ, ದೇವರಮನೆಯಲ್ಲಿ, ಮಂಚದ ಕೆಳಗೆ. ಅವು ಯುದ್ಧಕಾಲದಲ್ಲಿ ಯಂತ್ರದಿಂದ ಮಾಡಿದವೋ, ಅದಕ್ಕೂ ಹಿಂದೆ ಯಾರಾದರೂ ಕಮ್ಮಾರರು ಬಡಿದವೋ ಎಂದು ತಿಳಿಯಲು ಜನ ಇವರನ್ನು ಕರೆಯುತ್ತಾರೆ, ಕರೆಯುತ್ತಿದ್ದರು. ನಾನು ಶಾಲೆಯಲ್ಲಿ ಚಿತ್ರಕಲೆ ಹೇಳಿಕೊಡುತ್ತಿದ್ದವನು. ಅಲಗಿನ ಬುಡದಲ್ಲಿ ಕೆತ್ತಿದ ಅಕ್ಷರಗಳ ಮೇಲೆ ತೆಳು ಕಾಗದವಿಟ್ಟು, ಮಸಿ ಉಜ್ಜಿ ಅಚ್ಚು ತೆಗೆಯುವುದು ನನ್ನ ಕೆಲಸ.

ಆ ಭಾನುವಾರ ಯಜಮಾನರು ನಡುಮನೆಯಲ್ಲಿ ಬಿಳಿ ಪಂಚೆ ಹಾಸಿಸಿದ್ದರು. ಸೈಟು, ಕಟ್ಟಡದ ವ್ಯವಹಾರ ಅವರದು. ದೊಡ್ಡ ಗಂಟಲು, ಧಾರಾಳ ಮನಸ್ಸು. ಅವರ ಅಜ್ಜ ಬರ್ಮಾದಲ್ಲಿ ಸುಬೇದಾರರಾಗಿದ್ದವರು. ಯಜಮಾನರ ಅಣ್ಣ ಕುರ್ಚಿಯಲ್ಲಿ ಕೂತಿದ್ದರು, ಹೆಂಡತಿ ಬಾಗಿಲ ಹತ್ತಿರ ನಿಂತಿದ್ದರು.

ನನ್ನ ಸ್ನೇಹಿತರು ಹಿಡಿಯನ್ನು ಬಿಚ್ಚದೆ ಮೊದಲು ಅಲಗನ್ನಷ್ಟೇ ನೋಡಿದರು. ಬುಡದಲ್ಲಿ ಕೆತ್ತಿದ ಹೆಸರನ್ನು ಕೊನೆಗೆ ನೋಡಬೇಕು ಎನ್ನುವುದು ಅವರು ಕಲಿತ ಪದ್ಧತಿ. ದೊಡ್ಡ ಕಮ್ಮಾರರ ಹೆಸರನ್ನು ಕಳ್ಳಕೆತ್ತನೆ ಮಾಡುವುದು ಆ ಕಾಲದಲ್ಲೂ ಇತ್ತಂತೆ. ಹೆಸರು ಸುಳ್ಳು ಹೇಳಬಹುದು, ಉಕ್ಕು ಹೇಳುವುದಿಲ್ಲ. ಅವರು ಟ್ಯೂಬ್‌ಲೈಟ್ ಆರಿಸಲು ಹೇಳಿ, ಕಿಟಕಿಯ ಬೆಳಕಿಗೆ ಅಲಗನ್ನು ನಿಧಾನವಾಗಿ ಓರೆ ಮಾಡಿದರು. ಬಾಯಿಯ ಉದ್ದಕ್ಕೂ ಮಂಜಿನಂಥ ಬಿಳಿ ಗೆರೆಯೊಂದು ಕಂಡಿತು. ಅಲ್ಲಲ್ಲಿ ಅದು ಚೂಪಾಗಿ ಏಳುತ್ತಿತ್ತು, ದೂರದ ಮರಗಳ ತುದಿಯ ಹಾಗೆ.

"ಏನ್ ಸಾರ್, ಮಗು ಜಾತಕ ನೋಡ್ದಂಗೆ ನೋಡ್ತಿದೀರಾ," ಎಂದರು ಯಜಮಾನರು. "ಒರಿಜಿನಲ್ಲಾ, ಡೂಪ್ಲಿಕೇಟಾ?"

"ಯಂತ್ರದ್ದಲ್ಲ. ಮಿನೊ ಅನ್ನೋ ಪ್ರಾಂತದ್ದು ಅನ್ಸತ್ತೆ. ಮುನ್ನೂರು ವರ್ಷಕ್ಕಿಂತ ಹಳೇದು. ಬುಡ ನೋಡಿ ಹೇಳ್ತೀನಿ."

ಹಿಡಿಯ ನಡುವೆ ಒಂದು ಸಣ್ಣ ತೂತು. ಅದರಲ್ಲಿ ಬಿದಿರಿನ ಒಂದು ಬೆಣೆ, ಕಿರುಬೆರಳಿಗಿಂತ ತೆಳ್ಳಗೆ. ಇಡೀ ಕತ್ತಿಯನ್ನು ಹಿಡಿಯಲ್ಲಿ ಕಟ್ಟಿಹಾಕುವುದು ಅದೊಂದೇ. ಮೊಳೆ, ಸ್ಕ್ರೂ, ಅಂಟು ಏನೂ ಇಲ್ಲ. ಸ್ನೇಹಿತರು ಪುಟ್ಟ ಹಿತ್ತಾಳೆ ಸುತ್ತಿಗೆಯಿಂದ ಬೆಣೆಯನ್ನು ಹೊರಗೆ ತಳ್ಳಿ, ಕತ್ತಿಯನ್ನು ನೆಟ್ಟಗೆ ಹಿಡಿದು, ಎಡಗೈ ಮಣಿಕಟ್ಟಿನ ಮೇಲೆ ಬಲಮುಷ್ಟಿಯಿಂದ ಗುದ್ದಿದರು. ಅಲಗು ಒಳಗಿನಿಂದ ಸಡಿಲವಾಯಿತು. ಹಿಡಿಯೊಳಗೆ ಹುದುಗಿದ್ದ ಬುಡ ಹೊರಬಂತು.

ಅದರ ಬಣ್ಣವನ್ನು ನಾನು ಇಲ್ಲಿ ಸರಿಯಾಗಿ ಹೇಳಬೇಕು. ಹೆಚ್ಚು ಹುರಿದ ಕಾಫಿಬೀಜದ ಬಣ್ಣ. ಕಪ್ಪು, ಒಳಗೊಂದಿಷ್ಟು ಕಂದು. ಎಲ್ಲೂ ಹೊಳಪಿರಲಿಲ್ಲ. ಆ ತುಕ್ಕಿನ ಕೆಳಗೆ ಗಿಡುಗದ ಗರಿಯ ಹಾಗೆ ಎರಡು ಕಡೆಗೆ ಓರೆಯಾಗಿ ಅರ ಎಳೆದ ಗುರುತು, ನಡುವೆ ಎರಡು ಅಕ್ಷರ.

"ಮಿನೊನೇ," ಎಂದರು ಸ್ನೇಹಿತರು. ಅವರ ದನಿ ಇಳಿದಿತ್ತು. "ದಯವಿಟ್ಟು ಯಾರೂ ಇದನ್ನ ಮುಟ್ಬೇಡಿ. ಈ ತುಕ್ಕು ಇದರ ವಯಸ್ಸು. ಇದನ್ನ ತೆಗೆದ್ರೆ ಹೊಸಾ ಕತ್ತಿಗೂ ಇದಕ್ಕೂ ಯಾವ ವ್ಯತ್ಯಾಸಾನೂ ತೋರ್ಸೋಕಾಗಲ್ಲ."

ಯಜಮಾನರು ನಕ್ಕರು. "ತುಕ್ಕಿಗೂ ಮರ್ಯಾದೆನಾ ಸಾರ್! ನಮ್ಮನೇಲಿ ಹಬ್ಬದ ದಿನ ಸ್ಪ್ಯಾನರ್ ಮೇಲೂ ತುಕ್ಕು ಇರೋಕ್ ಬಿಡಲ್ಲ."

"ಸುಮ್ನಿರೋ, ತಿಳಿದೋರು ಹೇಳ್ತಿದಾರೆ," ಎಂದರು ಅಣ್ಣ.

ನಾನು ಅಚ್ಚು ತೆಗೆದೆ. ಕಾಗದದ ಮೇಲೆ ಅಕ್ಷರ ಬರುತ್ತದೆ, ಅರದ ಗೆರೆ ಬರುತ್ತದೆ; ಬಣ್ಣ ಬರುವುದಿಲ್ಲ. ಹಾಗಾಗಿ ಆ ಅಚ್ಚು ಈ ವಿಷಯದಲ್ಲಿ ಯಾರ ಪರವಾಗಿಯೂ ಸಾಕ್ಷಿ ಹೇಳಲಾರದು.

ಜೋಡಿಸುವಾಗ ಮೋಡ ಕವಿದಿತ್ತು. ಯಜಮಾನರ ಹೆಂಡತಿ ಮೊಬೈಲಿನ ಟಾರ್ಚ್ ಹಾಕಿ ಹತ್ತಿರ ಹಿಡಿದರು. ಹಿಡಿಯನ್ನು ನಾನೇ ಹಿಡಿದುಕೊಂಡಿದ್ದೆ. ಸ್ನೇಹಿತರು ಅದೇ ಹಳೆಯ ಬೆಣೆಯನ್ನು ಹೆಬ್ಬೆರಳಿನಿಂದ ಒತ್ತಿ, ಮೇಲೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಆ ತಟ್ಟು ನನ್ನ ಅಂಗೈಗೆ ತಿಳಿಯಿತು. ಆಮೇಲೆ ಅವರು ಕತ್ತಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಸದ್ದಿರಲಿಲ್ಲ. ಯಜಮಾನರ ಅಣ್ಣ ಕೂಡ ಎದ್ದು ಬಂದು ಬೆರಳಿಟ್ಟು ನೋಡಿ, "ಕಲ್ಲು ಕೂತಂಗೆ ಕೂತಿದೆ," ಎಂದರು.

"ಇದರಲ್ಲಿ ಏನೂ ಕಡೀಬೇಡಿ," ಎಂದು ಸ್ನೇಹಿತರು ಹೊರಡುವಾಗ ಹೇಳಿದರು.

"ಬರೀ ಕುಂಬಳಕಾಯಿ ಸಾರ್. ವರ್ಷಾ ವರ್ಷಾ ಇದರಲ್ಲೇ. ಹಬ್ಬಕ್ಕೆ ನೀವಿಬ್ರೂ ಬರ್ಲೇಬೇಕು."

ಹೋದೆವು. ಅಂದು ನಡುಮನೆಯಲ್ಲಿ ಡ್ರಿಲ್ಲು, ಕರಣೆ, ಲ್ಯಾಪ್‌ಟಾಪು, ಕಾರಿನ ಕೀಲಿಗಳ ನಡುವೆ ಕತ್ತಿ ಇತ್ತು. ಒರೆಯ ಮೇಲೆ ಕುಂಕುಮ. ಹಿಡಿಯ ಸುತ್ತ ಚೆಂಡುಹೂವಿನ ಮಾಲೆಯನ್ನು ಎಷ್ಟು ಒತ್ತಾಗಿ ಸುತ್ತಿದ್ದರೆಂದರೆ ಬೆಣೆಯ ತೂತು ಕಾಣುತ್ತಿರಲಿಲ್ಲ. ಯಜಮಾನರು ಕತ್ತಿಯನ್ನು ತೆಗೆದುಕೊಂಡು ಹೊರಗೆ ನಡೆದರು. ಅವರು ಅದನ್ನು ಒರೆಯಿಂದ ಎಳೆದಾಗ ಒಂದು ಸಣ್ಣ ಸದ್ದು ಬಂತು, ಕಟಕ್ ಎಂದು. ನನ್ನ ಸ್ನೇಹಿತರು ಮೆಟ್ಟಿಲ ಮೇಲಿದ್ದವರು ಕೂಡಲೇ ಇಳಿದರು.

"ಸ್ವಲ್ಪ ತಡೀರಿ. ಆ ಹೂ ಸರ್ಸಿ, ಒಂದ್ಸಲ ಹಿಡಿ ನೋಡ್ಬಿಡ್ತೀನಿ."

"ನಿಮ್ಮ ಪರೀಕ್ಷೆ ಮುಗೀತಲ್ಲ ಸಾರ್. ಈಗ ನಮ್ಮ ಪೂಜೆ."

"ಒಂದೇ ನಿಮಿಷ. ಅಲ್ಲಾಡ್ತಿದೆ ಅದು."

"ಮುಹೂರ್ತ ಮೀರತ್ತೆ ಬಿಡಿ ಸಾರ್," ಎಂದು ಯಜಮಾನರು ನಗುತ್ತಲೇ ಗೇಟು ದಾಟಿದರು. ಸ್ನೇಹಿತರು ಅವರ ತೋಳಿಗೆ ಕೈ ಚಾಚಿದರು. ಕೈ ತಲುಪಲಿಲ್ಲ. ಕತ್ತಿ ಆಗಲೇ ಮೇಲಿತ್ತು.

ಅಲಗು ಡಾಂಬರಿಗೆ ಒಮ್ಮೆ ಬಡಿದು, ಕಿಡಿ ಹಾರಿಸಿ, ಮತ್ತೆ ಎದ್ದಿತು. ಎದುರು ಬದಿಯಲ್ಲಿ ಹೂ ಮಾರುವ ಹೆಂಗಸು ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದರು. ಆಕೆ ಮುಖಕ್ಕೆ ಕೈ ಅಡ್ಡ ಹಿಡಿದದ್ದನ್ನು ನಾನು ನೋಡಿದೆ. ಅಲಗು ಮುಂಗೈಯನ್ನು ಸೀಳಿ ಬುಟ್ಟಿಯ ಪಕ್ಕ ಬಿತ್ತು. ಆಕೆಯ ರಕ್ತ ಬುಟ್ಟಿಯ ಹೂವಿನ ಮೇಲೆ ಸುರಿಯಿತು. "ಅಯ್ಯೋ, ಹೂವೆಲ್ಲ ಹೋಯ್ತಲ್ಲಪ್ಪಾ," ಎಂದಷ್ಟೇ ಅಂದರು, ಬಹಳ ಮೆಲ್ಲಗೆ.

ನಾನು ಓಡಿಹೋಗಿ ನನ್ನ ಹೆಗಲ ಮೇಲಿನ ಶಲ್ಯದಿಂದ ಗಾಯ ಕಟ್ಟಿದೆ. ಸ್ನೇಹಿತರು ಆಟೋ ನಿಲ್ಲಿಸಿದರು. ಆಕೆಯನ್ನು ಎಬ್ಬಿಸುವಾಗ ನಾವು ಮೂವರೂ ಅಲಗಿನ ಮೇಲೆ ಬಗ್ಗಿದ್ದೆವು, ಮೂವರೂ ಅದರ ಬುಡವನ್ನು ನೋಡಿದೆವು. ಅದು ಬೆಳ್ಳಗೆ ಹೊಳೆಯುತ್ತಿತ್ತು. ಕಾಫಿಬೀಜದ ಬಣ್ಣ ಎಲ್ಲೂ ಇರಲಿಲ್ಲ. ಅಕ್ಷರದ ಸಂದಿಯಲ್ಲಿ ಮಾತ್ರ ಹುಣಸೇಹಣ್ಣಿನ ನಾರು ಅಂಟಿತ್ತು. ಸ್ನೇಹಿತರು ಕಣ್ಣು ಮುಚ್ಚಿ ತೆರೆದರು. ಆಕೆಯನ್ನು ಕೂರಿಸಿಕೊಂಡು ಆಟೋ ಹತ್ತಿದರು.

ಯಜಮಾನರು ಗೇಟಿನ ಹತ್ತಿರ ಹಿಡಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು. "ನೀವೇ ಬಿಚ್ಚಿದ್ದು!" ಎಂದು ಆಟೋ ಕಡೆ ಕೂಗಿದರು. "ನೀವ್ ಬಿಚ್ಚೋಕ್ ಮುಂಚೆ ಯಾವತ್ತಾದ್ರೂ ಹೀಗಾಗಿತ್ತಾ? ಬೆಣೆ ಹಾಕಿದ್ರಾ ನೀವು?"

ನಾನು ರಸ್ತೆ ದಾಟಿ ಅವರ ಹತ್ತಿರ ಬಂದಾಗ, ಮಾಲೆ ಹರಿದು ಹಿಡಿಯ ತೂತು ಕಾಣುತ್ತಿತ್ತು. ಅದರಲ್ಲಿ ಬಿದಿರಿನ ಬೆಣೆ ಇರಲಿಲ್ಲ. ಮುರಿದ ಊದುಬತ್ತಿ ಕಡ್ಡಿಯ ತುಂಡು ಸಿಕ್ಕಿಕೊಂಡಿತ್ತು, ಬುಡಕ್ಕೆ ಗುಲಾಬಿ ಬಣ್ಣ ಹಚ್ಚಿರುತ್ತಾರಲ್ಲ, ಅದು. ಇದನ್ನು ನಾನು ಒಬ್ಬನೇ ನೋಡಿದೆ ಎಂದು ಕಾಣುತ್ತದೆ. ಯಜಮಾನರು ಹಿಡಿಯೊಂದಿಗೆ ಒಳಗೆ ಹೋದರು. ಮತ್ತೆ ಅದು ನನ್ನ ಕಣ್ಣಿಗೆ ಬೀಳಲಿಲ್ಲ.

ಬುಡವನ್ನು ಉಜ್ಜಬೇಕಾದರೆ ಹಿಡಿ ಬಿಚ್ಚಬೇಕು. ಹಿಡಿ ಬಿಚ್ಚಬೇಕಾದರೆ ಬೆಣೆ ತೆಗೆಯಬೇಕು. ಅಂದರೆ ನಾವು ಬಂದುಹೋದ ಮೇಲೆ ಕತ್ತಿಯನ್ನು ಯಾರೋ ಬಿಚ್ಚಿದ್ದಾರೆ. ಆ ಸಣ್ಣ ಬಿದಿರು ಚೂರು ಕಸದ ಜೊತೆಗೋ ಬಾಡಿದ ಹೂವಿನ ಜೊತೆಗೋ ಹೋಗಿರಬೇಕು. ಬಿಚ್ಚಿದವರು ಯಾರು ಎಂದು ನಾನು ನೋಡಲಿಲ್ಲ.

ಯಾರದೋ ಫೋನಿನಲ್ಲಿ ತೆಗೆದ ವಿಡಿಯೊ ಅಂದು ಸಂಜೆಗೆ ಎಲ್ಲ ಕಡೆ ಹೋಗಿತ್ತು. ಅಲಗು ಎಲ್ಲಿಗೆ ಹಾರಿತು ಎನ್ನುವುದು ಅದರಲ್ಲಿದೆ, ಏಕೆ ಎನ್ನುವುದಿಲ್ಲ. ಹಳೆಯ ಆಯುಧ ಇಟ್ಟುಕೊಂಡವರೆಲ್ಲ ಒಬ್ಬೊಬ್ಬರಾಗಿ ಸ್ನೇಹಿತರಿಗೆ ಫೋನು ಮಾಡುವುದನ್ನು ಬಿಟ್ಟರು. ಬಸವನಗುಡಿಯ ಒಬ್ಬರು ಪರೀಕ್ಷೆಗೆ ಕೊಟ್ಟಿದ್ದ ಕತ್ತಿಯನ್ನು ಡ್ರೈವರ್ ಕಳಿಸಿ ವಾಪಸು ತರಿಸಿಕೊಂಡರು. ನಾನು ಸ್ನೇಹಿತರಿಗೆ ಹೇಳಿದೆ, ಬಾಯಿ ಬಿಡಿ ಎಂದು.

"ಹಬ್ಬದ ದಿನ ಅವರ ಬಾಗಿಲಲ್ಲಿ ರಕ್ತ ಬಿತ್ತು. ನಾನ್ ಹೋಗಿ ತುಕ್ಕಿನ ಬಗ್ಗೆ ವಾದ ಮಾಡ್ಲಾ?" ಎಂದರು.

ಈ ಯುಗಾದಿಗೆ ಮುಂಚೆ ಚಿಕ್ಕಪೇಟೆಯ ಸೀರೆ ಅಂಗಡಿಯೊಂದರ ಮೆಟ್ಟಿಲಲ್ಲಿ ಯಜಮಾನರ ಹೆಂಡತಿ ಸಿಕ್ಕಿದರು. ನನ್ನನ್ನು ನೋಡಿ ನಿಂತರು.

"ಹುಣಸೇಹಣ್ಣು ನೆನೆಹಾಕಿದ್ದು ನಾನೇ ಸಾರ್. ಹಬ್ಬದ ಹಿಂದಿನ ದಿನ ಸಾಯಂಕಾಲ ನಮ್ಮನೆಯವ್ರು ಕೇಳಿದ್ರು. ದೀಪದ ಕಂಬಕ್ಕೆ ಅಂದ್ಕೊಂಡೆ. ಆಮೇಲೆ ನೋಡಿದ್ರೆ ಕತ್ತಿ ಬಿಚ್ಕೊಂಡು ಕೂತಿದ್ರು."

"ಇದನ್ನ ಯಾರಿಗಾದ್ರೂ ಹೇಳೀಮ್ಮಾ. ನನ್ನ ಸ್ನೇಹಿತರ ಕೆಲಸಾನೇ ನಿಂತೋಗಿದೆ."

"ನಾನಾಗೇ ಹೇಳೋಕಾಗಲ್ಲ. ಆ ಮನೇಲಿ ಇರ್ಬೇಕಾದೋಳು." ಕೈಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. "ನೀವು ಬರೀರಿ. ಯಾರಾದ್ರೂ ಬಂದು ಕೇಳಿದ್ರೆ ಸುಳ್ಳು ಅನ್ನಲ್ಲ."

ಬೆಣೆ ಹಾಕಿದ್ದನ್ನು ಕಂಡವರಲ್ಲಿ ಯಜಮಾನರ ಅಣ್ಣ ಈ ಬೇಸಿಗೆಯಲ್ಲಿ ತೀರಿಕೊಂಡರು. ಯಜಮಾನರು ಇದ್ದಾರೆ, ಅವರನ್ನು ನಾನು ಕೇಳಿಲ್ಲ. ಟಾರ್ಚ್ ಹಿಡಿದಿದ್ದ ಅವರ ಹೆಂಡತಿ ಇದ್ದಾರೆ, ಅದೇ ಮನೆಯಲ್ಲಿ. ರಸ್ತೆಯಲ್ಲಿ ಆ ಹೊಳೆಯುವ ಬುಡವನ್ನು ಕಂಡ ಹೂವಿನ ಹೆಂಗಸು ಈಗ ಶೇಷಾದ್ರಿಪುರದಲ್ಲಿ ಮಗಳ ಜೊತೆಗಿದ್ದಾರೆ. ಕಿರುಬೆರಳು ಮಡಚುವುದಿಲ್ಲ, ಆದರೂ ಹೂ ಕಟ್ಟುತ್ತಾರೆ, ಕೇಳಿದವರಿಗೆ ಕಂಡದ್ದನ್ನು ಹೇಳುತ್ತಾರೆ. ನಾನೂ ಇದ್ದೇನೆ.