ಟೈಲರ್ ಮಾಸ್ಟರ ತೂಕ

ಅಂಗಡಿಯಲ್ಲಿ ಎಲ್ಲರೂ ಅವರನ್ನು ಮಾಸ್ಟರ್ ಅನ್ನುತ್ತಿದ್ದರು. ಮೂವತ್ತಾರು ವರ್ಷ ಕೋಟು ಕತ್ತರಿಸಿದ ಕೈ. ಅಳತೆಯ ಟೇಪು ಕೊರಳಿನಿಂದ ಇಳಿಯುತ್ತಿದ್ದದ್ದು ಸ್ನಾನಕ್ಕೆ ಮಾತ್ರ. ಅಂಥವರಿಗೆ ಡಾಕ್ಟರು, ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಗೆಡ್ಡೆ ದೊಡ್ಡ ರಕ್ತನಾಳವನ್ನು ಸುತ್ತಿಕೊಂಡಿದೆ, ಅಲ್ಲಿ ಕತ್ತರಿ ಆಡಿಸುವಂತಿಲ್ಲ ಎಂದರು. ಮಾಸ್ಟರಿಗೆ ಅದು ತಕ್ಷಣ ಅರ್ಥವಾಯಿತು. ಹಾಗಾದರೆ ಬೇರೇನು ಮಾಡುತ್ತೀರಿ ಎಂದಷ್ಟೇ ಕೇಳಿದರು.

ವಾರಕ್ಕೆ ಐದು ದಿನ ರೇಡಿಯೇಷನ್, ಅದೇ ದಿನಗಳಲ್ಲಿ ಎರಡು ಹೊತ್ತು ಕೀಮೋ ಮಾತ್ರೆ. ಒಟ್ಟು ಇಪ್ಪತ್ತೆಂಟು ಸರದಿ. ಗೆಡ್ಡೆ ಪೂರ್ತಿ ಹೋಗುತ್ತದೆಂದು ಯಾರೂ ಮಾತು ಕೊಡಲಿಲ್ಲ. ಕುಗ್ಗಬಹುದು, ಬೆಳೆಯದೆ ನಿಲ್ಲಬಹುದು. ಮಾಸ್ಟರಿಗೆ ಅಷ್ಟು ಸಾಕಿತ್ತು. ಇಪ್ಪತ್ತೆಂಟನ್ನೂ ಮುಗಿಸಿಯೇ ತೀರುತ್ತೇನೆಂದು ಹಟ ತೊಟ್ಟರು. ಟೆಕ್ನಿಷಿಯನ್ ಹುಡುಗಿ ಹೊಟ್ಟೆಯ ಮೇಲೆ ಕಿರಣ ಬೀಳಬೇಕಾದ ಜಾಗಕ್ಕೆ ಗುರುತಿನ ಗೆರೆ ಎಳೆದಾಗ, ಕೈ ನಡುಗುವುದಿಲ್ಲವಲ್ಲ ಎಂದು ಮೆಚ್ಚಿಕೊಂಡರು. ಡಾಕ್ಟರದು ಒಂದೇ ಷರತ್ತು: ತೂಕ ಇಳಿಯಬಾರದು. ಮೈ ಕರಗಿದರೆ ಗೆರೆ ಜಾಗ ತಪ್ಪುತ್ತದೆ, ಚಿಕಿತ್ಸೆ ನಿಲ್ಲಿಸಿ ಎಲ್ಲವನ್ನೂ ಹೊಸದಾಗಿ ಅಳೆಯಬೇಕಾಗುತ್ತದೆ.

ಎರಡನೇ ವಾರಕ್ಕೆ ತಟ್ಟೆ ಕಂಡರೆ ವಾಕರಿಕೆ. ನಿಲ್ಲಿಸಿಬಿಡುತ್ತಾರೆಂಬ ಭಯ ಮಾಸ್ಟರ ತಲೆ ಕೆಡಿಸಿತು. ಟೈಲರ್ ಬುದ್ಧಿ ಇನ್ನೆಲ್ಲಿಗೆ ಹೋದೀತು? ಪ್ಯಾಂಟಿನ ಸೊಂಟ ಹಿಡಿದು ಹೊಲಿದರು, ಅಂಗಿಯ ಪಕ್ಕಗಳನ್ನು ಬಿಗಿ ಮಾಡಿದರು. ನೋಡಿದವರಿಗೆ ಆಳು ಹಾಗೇ ಇದ್ದಂತೆ ಕಾಣಬೇಕು. ಕತ್ತರಿಸುವಾಗ ಬಟ್ಟೆ ಸರಿಯದಂತೆ ಮೇಲಿಡುವ ಕಬ್ಬಿಣದ ತುಂಡುಗಳಿಗಾಗಿ ಪ್ಯಾಂಟಿನೊಳಗೆ ಕಳ್ಳಜೇಬು ಇಟ್ಟರು. ಸೋಮವಾರ ತೂಕದ ಯಂತ್ರದ ಮೇಲೆ ಗಂಭೀರವಾಗಿ ನಿಂತರು. ನರ್ಸು ಶಭಾಷ್ ಎಂದಳು. ಮಾಡಿದ ಘನಕಾರ್ಯಕ್ಕೆ ಆ ಶಭಾಷ್‌ಗಿರಿ ಬೇರೆ. ಟೆಕ್ನಿಷಿಯನ್ ಹುಡುಗಿ ಮಾತ್ರ ಗೆರೆ ಸರಿಯಾಗಿ ಕೂರುತ್ತಿಲ್ಲ ಎಂದು ಗೊಣಗತೊಡಗಿದಳು.

ಸಿಕ್ಕಿಬಿದ್ದದ್ದು ಹೆಂಡತಿಯ ಕೈಗೆ. ಅಂಗಡಿಯಲ್ಲಿ ಕಾಜಾ, ಗುಂಡಿ, ಇಸ್ತ್ರಿಯ ಕೆಲಸ ಅವಳದೇ. ಗಂಡನ ಪ್ಯಾಂಟು ಹರಡಿದಾಗ ಹೊಸ ಹೊಲಿಗೆ ಬೆರಳಿಗೆ ತಗುಲಿತು, ಜೇಬಿನಿಂದ ಕಬ್ಬಿಣ ಉರುಳಿತು.

“ಊರಿಗೆಲ್ಲ ಅಳತೆ ತಗೊಳ್ಳೋರು, ನಿಮ್ಮ ಅಳತೆಗೇ ಸುಳ್ಳು ಹೇಳ್ತೀರಾ?”

“ಒಂದ್ಸಲ ನಿಲ್ಲಿಸಿದ್ರೆ ಮತ್ತೆ ಶುರು ಮಾಡ್ತಾರೋ ಇಲ್ವೋ ಅಂತ ಭಯ ಕಣೇ.”

ಅವಳು ಅತ್ತಳು, ಬೈದಳು, ಆಮೇಲೆ ಬ್ಲೇಡು ತಂದು ಆ ಹೊಲಿಗೆಗಳನ್ನೆಲ್ಲ ಬಿಚ್ಚಿಹಾಕಿದಳು.

ಮರುದಿನ ಮಾಸ್ಟರ್ ತಾವೇ ಕಬ್ಬಿಣದ ತುಂಡುಗಳನ್ನು ಡಾಕ್ಟರ ಮೇಜಿನ ಮೇಲಿಟ್ಟು ತಲೆ ತಗ್ಗಿಸಿದರು. ಡಾಕ್ಟರಿಗೆ ನಗಬೇಕೋ ಗದರಬೇಕೋ ತಿಳಿಯಲಿಲ್ಲ; ಗದರಿದರು. ಇಲ್ಲದ ತೂಕಕ್ಕೆ ಮಾತ್ರೆ ಕೊಟ್ಟಂತಾಗಿತ್ತು, ಇಲ್ಲದ ಮೈಗೆ ಕಿರಣ ಗುರಿಯಿಟ್ಟಂತಾಗಿತ್ತು. ಹದಿನಾಲ್ಕು ಸರದಿ ಮುಗಿದಲ್ಲಿಗೆ ಚಿಕಿತ್ಸೆ ನಿಂತಿತು. ಒಂದು ವಾರ ಮೂಗಿನ ನಳಿಕೆಯಲ್ಲಿ ಆಹಾರ ಕೊಟ್ಟು ನೋಡೋಣ ಎಂದರು. ಚಿಕಿತ್ಸೆಯ ಶುರುವಿನಲ್ಲಿ, ಸತ್ತರೂ ನಳಿಕೆ ಹಾಕಿಸಿಕೊಳ್ಳುವುದಿಲ್ಲ ಎಂದಿದ್ದವರು ತಾವೇ ಮೂಗೊಡ್ಡಿದರು. ಹೆಂಡತಿ ಗಡಿಯಾರ ನೋಡಿಕೊಂಡು ಎರಡೆರಡು ಗಂಟೆಗೊಮ್ಮೆ ಆ ತೆಳು ಆಹಾರವನ್ನು ನಿಧಾನವಾಗಿ ಬಿಟ್ಟಳು.

ಎಂಟನೇ ದಿನ ಬರಿಗಾಲಲ್ಲಿ, ಆಸ್ಪತ್ರೆಯ ತೆಳ್ಳನೆಯ ನಿಲುವಂಗಿಯಲ್ಲಿ ಯಂತ್ರ ಹತ್ತಿದರು. ಕಳೆದುಕೊಂಡಿದ್ದು ಮೂರು ಕಿಲೋ, ಮರಳಿ ಬಂದದ್ದು ಅರ್ಧ ಕಿಲೋ. ಇಳಿಯುವುದು ನಿಂತಿದೆ, ಮತ್ತೆ ಶುರು ಮಾಡೋಣ ಎಂದರು ಡಾಕ್ಟರು. ಮಾಸ್ಟರ್ ಹೊಸ ಅಳತೆಗಾಗಿ ಸ್ಕ್ಯಾನ್ ಮೇಜಿನ ಮೇಲೆ ಮಲಗಿ, ಕೆನ್ನೆಯ ಮೇಲಿದ್ದ ನಳಿಕೆ ಸರಿಸಿಕೊಂಡು, ಟೆಕ್ನಿಷಿಯನ್ ಹುಡುಗಿಯ ಕಡೆ ತಿರುಗಿದರು.

“ಹಳೇ ಗೆರೆ ಅಳಿಸಿಬಿಡಮ್ಮ. ಈಗ ಇರೋ ಮೈ ಮೇಲೆ ಹಾಕು. ಇನ್ನೂ ಹದಿನಾಲ್ಕು ಇದೆ.”